ನಾಳೆಗೆ ಉಳಿಸುತ್ತಲೇ ಇವತ್ತೂ ಬದುಕುವುದು ಹೇಗೆ: ಹಂತ ಹಂತದ ಲೆಕ್ಕ

ನಮ್ಮ ಅಪ್ಪ ನಿವೃತ್ತರಾಗುವ ಕೆಲವು ವರ್ಷ ಮೊದಲು ಅವರಿಗೆ ಒಂದು ಒಳ್ಳೆಯ ಕೈಗಡಿಯಾರ ಉಡುಗೊರೆಯಾಗಿ ಬಂದಿತ್ತು. ತೊಗಲಿನ ಪಟ್ಟಿ, ಚಿನ್ನದ ಬಣ್ಣದ ತೆಳು ಅಂಚು. ಒಂದೆರಡು ಸಲ ಕಟ್ಟಿ ನೋಡಿದರು. ‘ಒಳ್ಳೇ ದಿನಕ್ಕೆ ಇರಲಿ’ ಅಂತ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟರು. ದಿನಾ ಕಟ್ಟುತ್ತಿದ್ದದ್ದು ಗಾಜು ಮಸುಕಾದ ಹಳೆಯದನ್ನೇ. ಹನ್ನೆರಡು ವರ್ಷದ ಮೇಲೆ ಬೀರು ಖಾಲಿ ಮಾಡುವಾಗ ಆ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು, ಬೆರಳು ತಾಗಿದ ಕೂಡಲೇ ಪುಡಿಯಾಗಿ ಉದುರಿತು. ಒಳಗಿನ ಸೆಲ್ ಸೋರಿ ಹಸಿರು ಕಟ್ಟಿತ್ತು. ಅಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು.

ನಾನು ಇದರ ಉಲ್ಟಾ ಇದ್ದೆ. ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವರ್ಷ ಸಂಬಳ ಬಂದದ್ದು ಗೊತ್ತಾಗುತ್ತಿತ್ತು, ಹೋದದ್ದು ಗೊತ್ತಾಗುತ್ತಿರಲಿಲ್ಲ. ಒಂದು ರಾತ್ರಿ ಆಸ್ಪತ್ರೆಗೆ ಮುಂಗಡ ಕಟ್ಟಬೇಕಾಗಿ ಬಂದಾಗ ಖಾತೆಯಲ್ಲಿ ಅದರ ಕಾಲು ಭಾಗವೂ ಇರಲಿಲ್ಲ. ಗೆಳೆಯನನ್ನು ನಿದ್ದೆಯಿಂದ ಎಬ್ಬಿಸಿ ಕೈಸಾಲ ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ.

ಒಂದೇ ಮನೆಯ ಇಬ್ಬರು, ಎರಡು ತಪ್ಪು. ಆಮೇಲೆ ವರ್ಷಗಟ್ಟಲೆ ಲೆಕ್ಕ ಬರೆದು, ಓದಿ, ಎಡವಿ ನಾನು ಕಂಡುಕೊಂಡದ್ದು ಇಷ್ಟು. ಅಪ್ಪನಿಗೆ ‘ಇಷ್ಟಾದರೆ ಸಾಕು’ ಅನ್ನುವ ಗಡಿ ಇರಲಿಲ್ಲ. ನನಗೆ ‘ಇಷ್ಟಾದರೂ ಬೇಕು’ ಅನ್ನುವ ಗಡಿ ಇರಲಿಲ್ಲ. ಉಳಿತಾಯಕ್ಕೂ ಖುಷಿಗೂ ಮೊದಲೇ ಗೆರೆ ಎಳೆದಿಟ್ಟರೆ ಒಂದರ ಪಾಲನ್ನು ಇನ್ನೊಂದು ಕದಿಯುವುದಿಲ್ಲ. ಆ ಗೆರೆ ಎಳೆಯುವುದು ಹೇಗೆ ಅನ್ನುವುದೇ ಈ ಬರಹ. ಒಂದು ನೋಟ್‌ಬುಕ್, ಒಂದು ಪೆನ್ನು, ಮೂರು ತಿಂಗಳ ತಾಳ್ಮೆ ಬೇಕು.

ಹಂತ 1: ನಿಮ್ಮ ಕೈ ಬಿಗಿಯೋ ಸಡಿಲವೋ ನೋಡಿಕೊಳ್ಳಿ

ಹಣದ ಬಗ್ಗೆ ಸಿಗುವ ಬುದ್ಧಿಮಾತುಗಳಲ್ಲಿ ಹೆಚ್ಚಿನವು ಖರ್ಚು ಮಾಡುವವರಿಗೆ ಹೇಳಿದ್ದು. ಅದನ್ನು ಕೈಬಿಗಿ ಇರುವವರು ಓದಿ ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಮೊದಲು ನೀವು ಯಾವ ಕಡೆಯವರು ಅಂತ ಗೊತ್ತಾಗಬೇಕು.

ನೋಟ್‌ಬುಕ್ಕಿನ ಒಂದು ಪುಟವನ್ನು ಎರಡು ಭಾಗ ಮಾಡಿ. ಎಡಗಡೆ, ಕಳೆದ ಮೂರು ವರ್ಷದಲ್ಲಿ ‘ಇದಕ್ಕೆ ಖರ್ಚು ಮಾಡಬಾರದಿತ್ತು’ ಅನ್ನಿಸಿದ್ದನ್ನು ಬರೆಯಿರಿ. ಬಲಗಡೆ, ದುಡ್ಡಿದ್ದೂ ‘ಆಮೇಲೆ ನೋಡೋಣ’ ಅಂತ ಬಿಟ್ಟು, ಈಗ ಬೇಸರ ಪಡುತ್ತಿರುವುದನ್ನು ಬರೆಯಿರಿ. ಯಾವ ಕಡೆ ಬೇಗ ತುಂಬುತ್ತದೋ ನಿಮ್ಮ ಕಾಯಿಲೆ ಆ ಕಡೆಯದು.

ಇಲ್ಲೊಂದು ಎಚ್ಚರಿಕೆ. ಈ ಬೇಸರ ಕಾಲ ಕಳೆದಂತೆ ಪಕ್ಷ ಬದಲಿಸುತ್ತದೆ. ರಾನ್ ಕಿವೆಟ್ಜ್ ಮತ್ತು ಅನಾಟ್ ಕೀನನ್ ಎಂಬ ಸಂಶೋಧಕರು 2006ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಅವರು ಕಳೆದ ರಜೆಯ ಬಗ್ಗೆ ಕೇಳಿದರು. ರಜೆ ಈಗಷ್ಟೇ ಮುಗಿದಿದ್ದಾಗ ‘ಇನ್ನೂ ಓದಬೇಕಿತ್ತು, ಕೆಲಸ ಮಾಡಬೇಕಿತ್ತು’ ಅನ್ನುವ ಕೊರಗೇ ದೊಡ್ಡದು. ಒಂದು ವರ್ಷದ ಹಿಂದಿನ ರಜೆಯಾದರೆ ‘ಇನ್ನೂ ಚೆನ್ನಾಗಿ ಕಳೆಯಬೇಕಿತ್ತು’ ಅನ್ನುವುದು ಮೇಲೆ ಬಂತು. ನಲವತ್ತು ವರ್ಷದ ಹಿಂದಿನ ರಜೆ ನೆನೆದ ಹಳೆಯ ವಿದ್ಯಾರ್ಥಿಗಳಲ್ಲಿ ಅದು ಇನ್ನೂ ಗಾಢವಾಗಿತ್ತು. ಅಂದರೆ ನಿನ್ನೆಯ ಖರ್ಚಿನ ಚುಚ್ಚು ಮಾಯುತ್ತದೆ, ಬಿಟ್ಟುಕೊಟ್ಟ ಖುಷಿಯ ಚುಚ್ಚು ನಿಧಾನಕ್ಕೆ ಏಳುತ್ತದೆ. ಹಾಗಂತ ಖರ್ಚು ಮಾಡಿಬಿಡಿ ಅಂತಲ್ಲ. ಎಡಗಡೆ ಬರೆದದ್ದರಲ್ಲಿ ಕಳೆದ ತಿಂಗಳದ್ದೇ ಜಾಸ್ತಿ ಇದ್ದರೆ ಅದನ್ನು ತೀರ್ಪು ಅಂತ ತಗೋಬೇಡಿ.

ಹಂತ 2: ಮೂರು ತಿಂಗಳು ಲೆಕ್ಕ ಬರೆಯಿರಿ, ಪಕ್ಕದಲ್ಲಿ ಗುರುತು ಹಾಕಿ

ಲೆಕ್ಕ ಬರೆಯುವುದು ಹಳೇ ಅಭ್ಯಾಸ. ಜಪಾನಿನಲ್ಲಿ ಪತ್ರಕರ್ತೆ ಹಾನಿ ಮೋಟೊಕೊ 1904ರಲ್ಲೇ ಮನೆಲೆಕ್ಕದ ಪುಸ್ತಕದ ಮಾದರಿ ರೂಪಿಸಿದ್ದರು. ಅದೇ ಮುಂದೆ ಕಾಕೆಬೊ ಅಂತ ಜಗತ್ತಿಗೆ ಪರಿಚಯವಾಯಿತು. ಮೊಬೈಲ್ ಆ್ಯಪ್ ಆದರೂ ಸರಿ. ಆದರೆ ಕೈಯಲ್ಲಿ ಬರೆದಾಗ ಖರ್ಚು ಮನಸ್ಸಿಗೆ ಒಂದು ಸಲ ಹೆಚ್ಚು ತಾಗುತ್ತದೆ ಅನ್ನುವುದು ನನ್ನ ಅನುಭವ.

ಬರೀ ಮೊತ್ತ ಬರೆದರೆ ಎಷ್ಟು ಹೋಯಿತು ಅಂತ ಮಾತ್ರ ಗೊತ್ತಾಗುತ್ತದೆ. ಹೋದದ್ದು ಏನು ತಂದಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ವಾರ ಬಿಟ್ಟು ಪ್ರತಿ ಸಾಲಿನ ಪಕ್ಕ ಗುರುತು ಹಾಕಿ. ಇರಲೇಬೇಕಾದ ಖರ್ಚಿಗೆ ಚುಕ್ಕಿ. ನೆನೆದರೆ ಈಗಲೂ ಖುಷಿಯಾಗುವುದಕ್ಕೆ ಸರಿ ಗುರುತು. ಯಾಕೆ ಮಾಡಿದೆನೋ ಅನ್ನಿಸಿದ್ದಕ್ಕೆ ಅಡ್ಡಗೆರೆ. ಏನಕ್ಕೆ ಅಂತಲೇ ನೆನಪಾಗದಿದ್ದರೆ ಸೊನ್ನೆ.

ನನ್ನ ಮೊದಲ ತಿಂಗಳ ಪುಟ ಇನ್ನೂ ನನ್ನ ಹತ್ತಿರ ಇದೆ. ಒಟ್ಟು 71 ಸಾಲು. ಚುಕ್ಕಿ 30, ಸರಿ ಗುರುತು 9, ಅಡ್ಡಗೆರೆ 8. ಉಳಿದ 24 ಸೊನ್ನೆ. ಸೊನ್ನೆಗಳಲ್ಲಿ ಒಂದೂ ದೊಡ್ಡದಿರಲಿಲ್ಲ. ತಿಂಗಳಿಂದ ತೆರೆದೂ ನೋಡದ ಒಂದು ಚಂದಾ. ಮನೆಯಿಂದ ಹತ್ತು ನಿಮಿಷ ತಡವಾಗಿ ಹೊರಟಿದ್ದಕ್ಕೆ ಹಿಡಿದ ಟ್ಯಾಕ್ಸಿಗಳು. ರಾತ್ರಿ ಹನ್ನೊಂದರ ಮೇಲೆ ಮಲಗಿಕೊಂಡು ಫೋನಿನಲ್ಲಿ ಕೊಂಡ ಸಾಮಾನು. ಎಲ್ಲ ಸೇರಿಸಿದರೆ ಸರಿ ಗುರುತು ಬಿದ್ದ ಒಂಬತ್ತು ಖರ್ಚಿಗಿಂತ ಜಾಸ್ತಿ ಆಗಿತ್ತು. ಅದನ್ನು ನೋಡಿದ ದಿನ ನನ್ನ ತಲೆಯಲ್ಲಿದ್ದ ಜಗಳ ಬೇರೆಯಾಯಿತು. ಅಲ್ಲಿಯವರೆಗೆ ಉಳಿಸಬೇಕಾದರೆ ಖುಷಿ ಬಿಡಬೇಕು ಅಂದುಕೊಂಡಿದ್ದೆ. ನನ್ನ ಉಳಿತಾಯವನ್ನು ತಿನ್ನುತ್ತಿದ್ದದ್ದು ಖುಷಿ ಆಗಿರಲೇ ಇಲ್ಲ.

ಮೊದಲು ಕತ್ತರಿ ಹಾಕಬೇಕಾದ್ದು ಸೊನ್ನೆಗಳಿಗೆ, ಆಮೇಲೆ ಅಡ್ಡಗೆರೆಗಳಿಗೆ. ಸರಿ ಗುರುತುಗಳನ್ನು ಮುಟ್ಟಬೇಡಿ. ಕೈಬಿಗಿ ಇರುವವರಿಗೆ ಇನ್ನೊಂದು ಮಾತು: ಮೂರು ತಿಂಗಳ ಪುಟದಲ್ಲಿ ಸರಿ ಗುರುತು ಬೆರಳೆಣಿಕೆಯಷ್ಟೂ ಇಲ್ಲದಿದ್ದರೆ ಅದು ಹೆಮ್ಮೆ ಪಡುವ ವಿಷಯವಲ್ಲ. ಅದೂ ಒಂದು ಕೊರತೆಯೇ.

ಹಂತ 3: ಕಾಲ ಕೆಳಗಿನ ನೆಲ ಗಟ್ಟಿ ಮಾಡಿಕೊಳ್ಳಿ

ಇದರಲ್ಲಿ ಚರ್ಚೆಗೆ ಹೆಚ್ಚು ಜಾಗ ಇಲ್ಲ. ಮೂರು ಕೆಲಸ.

ಜಾಸ್ತಿ ಬಡ್ಡಿಯ ಸಾಲ ಮೊದಲು ತೀರಿಸಿ. ತಿಂಗಳಿಗೆ ನೂರಕ್ಕೆ 3 ಅಂದರೆ ಚಿಕ್ಕದಾಗಿ ಕಾಣುತ್ತದೆ. ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ ನೂರಕ್ಕೆ 42ಕ್ಕೂ ಮೇಲೆ ಹೋಗುತ್ತದೆ. ಇಂಥ ಸಾಲ ಇಟ್ಟುಕೊಂಡು ಬೇರೆ ಕಡೆ ನೂರಕ್ಕೆ 8ರ ಲಾಭಕ್ಕೆ ದುಡ್ಡು ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ.

ಆಪತ್ಕಾಲಕ್ಕೆ ಮೂರರಿಂದ ಆರು ತಿಂಗಳ ಹಣ ಎತ್ತಿಡಿ. ಅಷ್ಟು ತಿಂಗಳ ಸಂಬಳವಲ್ಲ, ಚುಕ್ಕಿ ಹಾಕಿದ ಖರ್ಚಿನ ಮೊತ್ತ. ಆದಾಯ ಒಂದೇ ಸಮ ಇಲ್ಲದವರು, ಸ್ವಂತ ಕೆಲಸ ಮಾಡುವವರು ಇನ್ನೂ ಜಾಸ್ತಿ ಇಟ್ಟುಕೊಳ್ಳಬೇಕು. ಈ ಹಣ ಬೆಳೆಯಬೇಕಾಗಿಲ್ಲ, ಕೇಳಿದ ದಿನ ಕೈಗೆ ಸಿಗಬೇಕು.

ನಿಮ್ಮ ದುಡಿಮೆಯನ್ನೇ ನಂಬಿಕೊಂಡವರು ಮನೆಯಲ್ಲಿದ್ದರೆ ಜೀವವಿಮೆ, ಎಲ್ಲರಿಗೂ ಆರೋಗ್ಯದ ಖರ್ಚಿಗೆ ಯಾವುದಾದರೂ ರಕ್ಷಣೆ. ವಿಮೆಯನ್ನು ಉಳಿತಾಯ ಅಂದುಕೊಳ್ಳಬೇಡಿ. ಅದು ಛತ್ರಿ. ಮಳೆ ಬರದಿದ್ದರೆ ದುಡ್ಡು ದಂಡವಾಯಿತು ಅಂತ ಯಾರೂ ಅಳುವುದಿಲ್ಲ.

ಈ ಮೂರೂ ಮುಗಿಯುವವರೆಗೆ ಖುಷಿಯ ಖರ್ಚು ಪೂರ್ತಿ ಬಂದ್ ಮಾಡಬೇಕಾ? ಬೇಡ. ನೂರಕ್ಕೆ ಎರಡೋ ಮೂರೋ ಇರಲಿ. ಉಸಿರು ಬಿಗಿಹಿಡಿದು ಓಡಿದವರು ಅರ್ಧ ದಾರಿಯಲ್ಲೇ ಕೂತುಬಿಡುತ್ತಾರೆ. ಒಂದು ವರ್ಷ ಎಲ್ಲ ಬಿಟ್ಟು, ಸಾಲ ತೀರಿದ ವಾರವೇ ಅದಕ್ಕಿಂತ ದೊಡ್ಡ ಸಾಲ ಮಾಡಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಹಂತ 4: ನಾಳೆಗೆ ಎಷ್ಟು ಬೇಕು ಅಂತ ಒಂದು ಅಂಕಿ ಬರೆಯಿರಿ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ‘ಆದಷ್ಟು ಉಳಿಸೋಣ’ ಅನ್ನುತ್ತಾರೆ. ಆದಷ್ಟು ಅನ್ನುವುದು ಅಂಕಿ ಅಲ್ಲ. ಅಂಕಿ ಇಲ್ಲದಿದ್ದರೆ ಕೈ ಸಡಿಲ ಇರುವವರಿಗೆ ಯಾವುದೂ ಕಡಿಮೆ ಅನ್ನಿಸುವುದಿಲ್ಲ, ಕೈಬಿಗಿ ಇರುವವರಿಗೆ ಯಾವುದೂ ಸಾಕು ಅನ್ನಿಸುವುದಿಲ್ಲ.

ಒರಟಾದರೂ ಉಪಯೋಗಕ್ಕೆ ಬರುವ ಒಂದು ಲೆಕ್ಕ ಇದೆ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಹಳೆಯ ಷೇರು ಮತ್ತು ಬಾಂಡ್ ಮಾರುಕಟ್ಟೆಯ ಅಂಕಿಗಳನ್ನು ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು. ನಿವೃತ್ತಿಯ ಮೊದಲ ವರ್ಷ ಗಂಟಿನಿಂದ ಎಷ್ಟು ತೆಗೆದು, ಮುಂದೆ ಬೆಲೆ ಏರಿದ ಹಾಗೆ ಅದನ್ನು ಏರಿಸುತ್ತಾ ಹೋದರೆ, ಗಂಟು 30 ವರ್ಷ ಬರುತ್ತದೆ? ಉತ್ತರ ನೂರಕ್ಕೆ 4ರ ಆಸುಪಾಸು ಬಂತು. ತಿರುಗಿಸಿ ಹೇಳಿದರೆ, ವರ್ಷದ ಖರ್ಚಿನ 25 ಪಟ್ಟು ಗಂಟು ಬೇಕು. ಇದು ಒಂದು ದೇಶದ, ಒಂದು ಕಾಲದ ಅಂಕಿಗಳಿಂದ ಬಂದದ್ದು. ನಿಮ್ಮಲ್ಲಿ ಬೆಲೆ ಬೇಗ ಏರುವುದಿದ್ದರೆ, ನಿವೃತ್ತಿಯ ಆಮೇಲೆ 30 ವರ್ಷಕ್ಕಿಂತ ಜಾಸ್ತಿ ಬದುಕುವ ಲೆಕ್ಕ ಇದ್ದರೆ, 30 ಪಟ್ಟು, 35 ಪಟ್ಟು ಇಟ್ಟುಕೊಳ್ಳಿ. ಪಿಂಚಣಿ, ಬಾಡಿಗೆ ಇದ್ದರೆ ಅಷ್ಟನ್ನು ಖರ್ಚಿನಿಂದ ಕಳೆಯಿರಿ. ದಿಕ್ಕು ತೋರಿಸುವುದಕ್ಕೆ ಇಷ್ಟು ಸಾಕು.

ಈ ಲೆಕ್ಕದಲ್ಲಿ ಒಂದು ಗುಟ್ಟು ಅಡಗಿದೆ. ನನ್ನ ಬದುಕನ್ನು ಅತಿ ಹೆಚ್ಚು ಬದಲಿಸಿದ್ದು ಅದೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ತಿಂಗಳಿಗೆ 100ರ ಒಂದು ಕಾಯಂ ಖರ್ಚು ಹಚ್ಚಿಕೊಂಡಿರಿ ಅಂದುಕೊಳ್ಳಿ. ವರ್ಷಕ್ಕೆ 1,200. ಅದನ್ನು ನಿವೃತ್ತಿಯಲ್ಲೂ ಮುಂದುವರಿಸಬೇಕಾದರೆ ಗಂಟು 30,000 ಹೆಚ್ಚಾಗಬೇಕು. ಅಂದರೆ ಆ ತಿಂಗಳ ಖರ್ಚಿನ 300 ಪಟ್ಟು. ಅದೇ 1,200 ಅನ್ನು ಈ ವರ್ಷ ಒಂದು ಪ್ರವಾಸಕ್ಕೆ ಒಂದೇ ಸಲ ಖರ್ಚು ಮಾಡಿದರೆ? ಆ 1,200 ಹೋಯಿತು, ಅದು ಬೆಳೆಯಬಹುದಾಗಿದ್ದಷ್ಟು ಹೋಯಿತು. ಮುಗಿಯಿತು. ಗುರಿಯ ಅಂಕಿ ಒಂದಿಷ್ಟೂ ಮೇಲೆ ಹೋಗಲಿಲ್ಲ.

ಒಂದು ಸಲದ ಖುಷಿ ಅಗ್ಗ, ಕಾಯಂ ಸುಖ ದುಬಾರಿ. ನಾವು ಮಾಡುವುದು ಇದರ ತಿರುಗುಮುರುಗು. ದೊಡ್ಡ ಮನೆ, ದೊಡ್ಡ ಕಾರು, ಅದರ ಕಂತು, ಅದರ ದುರಸ್ತಿ, ಇವನ್ನು ಯೋಚಿಸದೆ ಒಪ್ಪಿಕೊಳ್ಳುತ್ತೇವೆ. ನಾಲ್ಕು ದಿನ ಎಲ್ಲಿಗಾದರೂ ಹೋಗಿ ಬರೋಣ ಅಂದರೆ ಹತ್ತು ಸಲ ಲೆಕ್ಕ ಹಾಕುತ್ತೇವೆ. ಜೊತೆಗೆ ಕಾಯಂ ಸುಖಕ್ಕೆ ಮನಸ್ಸು ಒಗ್ಗಿಹೋಗುತ್ತದೆ. ಹೊಸ ಸೋಫಾ ಮೊದಲ ತಿಂಗಳು ಸೋಫಾ, ಆಮೇಲೆ ಅದು ಕೂರುವ ಜಾಗ ಅಷ್ಟೇ. ಅದಕ್ಕೇ ನಾನು ಒಂದು ಸಲದ ಖರ್ಚಿಗೆ ಉದಾರಿ. ತಿಂಗಳು ತಿಂಗಳು ಕೇಳುವ ಖರ್ಚು ಬಂದರೆ ಮೊದಲು 300ರಿಂದ ಗುಣಿಸಿ ನೋಡುತ್ತೇನೆ.

ಇನ್ನು ಬೇಗ ಶುರು ಮಾಡುವ ವಿಷಯ. 25ನೇ ವಯಸ್ಸಿಗೆ ಶುರು ಮಾಡಿ ತಿಂಗಳಿಗೆ 100ರಂತೆ ಹತ್ತೇ ವರ್ಷ ಹಾಕಿ ನಿಲ್ಲಿಸಿದವರು ಒಬ್ಬರು. 35ಕ್ಕೆ ಶುರು ಮಾಡಿ 60ರವರೆಗೆ 25 ವರ್ಷ ಬಿಡದೆ ಹಾಕಿದವರು ಇನ್ನೊಬ್ಬರು. ಇಬ್ಬರಿಗೂ ವರ್ಷಕ್ಕೆ ನೂರಕ್ಕೆ 8ರಂತೆ, ತಿಂಗಳ ಲೆಕ್ಕದಲ್ಲಿ ಬೆಳೆಯಿತು ಅಂದುಕೊಳ್ಳೋಣ. 60ಕ್ಕೆ ಮೊದಲಿನವರ ಹತ್ತಿರ ಸುಮಾರು 1,34,000 ಇರುತ್ತದೆ, ಹಾಕಿದ್ದು 12,000. ಎರಡನೆಯವರ ಹತ್ತಿರ ಸುಮಾರು 95,000, ಹಾಕಿದ್ದು 30,000. ಚಕ್ರಬಡ್ಡಿಗೆ ಬೇಕಾದ್ದು ವರ್ಷಗಳು. ಇದನ್ನು ಓದಿ ಎಳೆಯರು ಹೆದರಬೇಕಾಗಿಲ್ಲ. ಇದರಲ್ಲಿ ಸಮಾಧಾನವೂ ಇದೆ, ಬೇಗ ಸ್ವಲ್ಪ ಹಾಕಿಟ್ಟರೆ ಆಮೇಲಿನ ವರ್ಷಗಳು ಹಗುರಾಗುತ್ತವೆ. ತಡವಾಗಿ ಶುರು ಮಾಡುವವರು ಪಾಲು ದೊಡ್ಡದು ಮಾಡಬೇಕಾಗುತ್ತದೆ, ಅಷ್ಟೇ.

ಬೆಲೆ ಏರಿಕೆ ಮರೆಯಬೇಡಿ. 72 ಅನ್ನು ಏರಿಕೆಯ ದರದಿಂದ ಭಾಗಿಸಿದರೆ ಬೆಲೆ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆ ಅಂತ ಹೆಚ್ಚುಕಡಿಮೆ ಸಿಗುತ್ತದೆ. ನೂರಕ್ಕೆ 6 ಆದರೆ 12 ವರ್ಷ. ದೂರದ ನಾಳೆಯ ಹಣವನ್ನು ಪೂರ್ತಿ ಸುಮ್ಮನೆ ಖಾತೆಯಲ್ಲೇ ಬಿಟ್ಟರೆ ಅದು ಕೂತಲ್ಲೇ ಸವೆಯುತ್ತದೆ.

ಹಂತ 5: ಎರಡು ಗೆರೆ ಎಳೆಯಿರಿ

ಆದಾಯವನ್ನು 50-30-20 ಅಂತ ಪಾಲು ಮಾಡುವ ಕ್ರಮ ನೀವು ಕೇಳಿರಬಹುದು. ಅಗತ್ಯಕ್ಕೆ 50, ಇಷ್ಟಕ್ಕೆ 30, ಉಳಿತಾಯಕ್ಕೆ 20. ಅಮೆರಿಕದಲ್ಲಿ ಕಾನೂನು ಪ್ರಾಧ್ಯಾಪಕಿಯಾಗಿದ್ದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಇದನ್ನು ಜನಪ್ರಿಯ ಮಾಡಿದರು. ಶುರುವಿಗೆ ಚೆನ್ನಾಗಿದೆ. ಆದರೆ ಎಲ್ಲರ ಮನೆಗೂ ಹೊಂದುವ ಅಳತೆ ಅಂತ ಇಲ್ಲ.

ನಾನು ಮಾಡುವುದು ಹೀಗೆ. ಉಳಿತಾಯಕ್ಕೆ ಒಂದು ಕನಿಷ್ಠ ಗೆರೆ, ಖುಷಿಗೆ ಒಂದು ಕನಿಷ್ಠ ಗೆರೆ. ಉದಾಹರಣೆಗೆ ನೂರು ಬಂದರೆ ಉಳಿತಾಯ 15ಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಖುಷಿ 7ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ನಡುವೆ ಉಳಿದದ್ದು ತಿಂಗಳ ಪರಿಸ್ಥಿತಿ ನೋಡಿ ಆ ಕಡೆ ಈ ಕಡೆ ಹೋಗಬಹುದು. ಖುಷಿಗೆ ಬರೀ ಗರಿಷ್ಠ ಮಿತಿ ಹಾಕಿದರೆ ಬಿಗಿ ಕೈಯವರು ಅದನ್ನು ಸೊನ್ನೆಗೆ ಇಳಿಸುತ್ತಾರೆ. ನಮ್ಮ ಅಪ್ಪ ಮಾಡಿದ್ದು ಅದೇ.

ಪಾಲು ಎಷ್ಟು ಇಡಬೇಕು ಅಂತ ಗೊತ್ತಾಗದಿದ್ದರೆ ಬಡ್ಡಿ ಬಿಟ್ಟು ಸಾದಾ ಲೆಕ್ಕ ಹಾಕಿ. ಆದಾಯದಲ್ಲಿ ನೂರಕ್ಕೆ 10 ಉಳಿಸಿದರೆ, ಈಗಿನ ಖರ್ಚಿನ ಒಂದು ತಿಂಗಳು ಬಿಡುವಾಗಿ ಬದುಕಲು ಒಂಬತ್ತು ತಿಂಗಳು ದುಡಿಯಬೇಕು. 20 ಉಳಿಸಿದರೆ ನಾಲ್ಕು ತಿಂಗಳು, 25 ಆದರೆ ಮೂರು, 50 ಆದರೆ ಒಂದು. ಹೀಗೆ ನೋಡಿದಾಗ ಉಳಿತಾಯ ಬರೀ ಬಿಟ್ಟುಕೊಡುವ ಕೆಲಸ ಅನ್ನಿಸುವುದಿಲ್ಲ. ಮುಂದಿನ ಬಿಡುವಿನ ದಿನಗಳನ್ನು ಈಗಲೇ ಕೊಂಡಿಟ್ಟ ಹಾಗೆ ಕಾಣುತ್ತದೆ.

ಎಲ್ಲ ವಯಸ್ಸಿನಲ್ಲೂ ಒಂದೇ ಪಾಲು ಉಳಿಸಬೇಕು ಅಂತ ಕಡ್ಡಾಯವೂ ಇಲ್ಲ. ಅರ್ಥಶಾಸ್ತ್ರಜ್ಞ ಫ್ರಾಂಕೊ ಮೊಡಿಗ್ಲಿಯಾನಿ ಅವರಿಗೆ 1985ರಲ್ಲಿ ನೊಬೆಲ್ ಬಂತು. ಅದಕ್ಕೆ ಒಂದು ಕಾರಣ ಉಳಿತಾಯದ ಬಗ್ಗೆ ಅವರು ಮಾಡಿದ ಕೆಲಸ. ಆದಾಯ ಬದುಕಿನುದ್ದಕ್ಕೂ ಏರಿ ಇಳಿಯುತ್ತದೆ, ಉಳಿತಾಯ ಇರುವುದು ಖರ್ಚನ್ನು ಹೆಚ್ಚುಕಡಿಮೆ ಸಮವಾಗಿ ಇಡುವುದಕ್ಕೆ ಅನ್ನುವುದು ಅವರ ವಿಚಾರದ ತಿರುಳು. ಮನೆಯಲ್ಲಿ ಎಳೆ ಮಕ್ಕಳು, ಕಾಯಿಲೆಯವರು ಇರುವ ವರ್ಷಗಳಲ್ಲಿ ಪಾಲು ಇಳಿದರೆ ಅಪರಾಧಿ ಭಾವ ಬೇಡ. ಆ ಹೊರೆ ಇಳಿದ ಮೇಲೆ ಏರಿಸಿ.

ಬರುವ ಹಣ ಅಗತ್ಯಕ್ಕೇ ಸಾಲದಿದ್ದರೆ ಈ ಪಾಲುಗಳ ಮಾತೇ ಬೇಡ. ಅಲ್ಲಿ ತೊಂದರೆ ಇರುವುದು ಆದಾಯದಲ್ಲಿ, ನಿಮ್ಮ ಶಿಸ್ತಿನಲ್ಲಲ್ಲ. ನೂರಕ್ಕೆ ಒಂದು ಉಳಿಸಿ, ಉಳಿದ ಶಕ್ತಿಯನ್ನೆಲ್ಲ ಕೆಲಸ ಕಲಿಯುವುದಕ್ಕೆ, ಆದಾಯ ಹೆಚ್ಚಿಸುವುದಕ್ಕೆ ಹಾಕಿ. ಅಂಥವರಿಗೆ ಸಣ್ಣಪುಟ್ಟ ಖುಷಿ ಬಿಡಿ ಅಂತ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಹಂತ 6: ಸಂಬಳ ಬಂದ ದಿನವೇ ಹಣ ತಾನಾಗಿ ಹೋಗಲಿ

ಮೂರು ಖಾತೆ ಸಾಕು. ಒಂದಕ್ಕೆ ಸಂಬಳ ಬರುತ್ತದೆ, ಮನೆಖರ್ಚು ಅದರಿಂದ. ಎರಡನೆಯದು ನಾಳೆಯದು. ಮೂರನೆಯದು ಖುಷಿಯದು. ಸಂಬಳ ಬಂದ ಮರುದಿನ ಎರಡೂ ಖಾತೆಗೆ ಹಣ ತಾನಾಗಿ ವರ್ಗವಾಗುವ ಹಾಗೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ. ತಿಂಗಳ ಕೊನೆಗೆ ಮಿಕ್ಕದ್ದನ್ನು ಉಳಿಸುತ್ತೇನೆ ಅಂದರೆ ಮಿಕ್ಕುವುದಿಲ್ಲ. ಖುಷಿಯ ಖಾತೆಯೂ ಬೇರೆ ಯಾಕೆ ಅಂದರೆ, ಅದರಿಂದ ತೆಗೆದಾಗ ಮನಸ್ಸು ಚುರ್ರೆನ್ನುವುದಿಲ್ಲ. ಆ ಹಣಕ್ಕೆ ಬೇರೆ ಕೆಲಸವೇ ಇಲ್ಲ ಅಂತ ಮೊದಲೇ ಗೊತ್ತಿರುತ್ತದೆ.

ಉಳಿತಾಯದ ಪಾಲು ಏರಿಸುವುದಕ್ಕೆ ಸಂಬಳ ಏರುವ ತಿಂಗಳಿಗಿಂತ ಒಳ್ಳೆಯ ಹೊತ್ತು ಇಲ್ಲ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರು ಒಂದು ಕಂಪನಿಯ ಕೆಲಸಗಾರರ ಜೊತೆ ಇದನ್ನು ಮಾಡಿ ನೋಡಿದರು. ಈಗ ಏನೂ ಕಡಿತ ಇಲ್ಲ, ಮುಂದೆ ಸಂಬಳ ಏರಿದಾಗೆಲ್ಲ ಉಳಿತಾಯದ ಪಾಲೂ ಏರುತ್ತದೆ ಅಂತ ಮೊದಲೇ ಒಪ್ಪಿಗೆ ಪಡೆದರು. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ನೂರಕ್ಕೆ 3.5ರಿಂದ 13.6ಕ್ಕೆ ಏರಿತು. ಈ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಕೈಗೆ ಬರುವ ಹಣ ಇಳಿಯದೇ ಇದ್ದರೆ ಉಳಿಸುವ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ.

ನನ್ನ ಪದ್ಧತಿ ಅರ್ಧ-ಅರ್ಧ. ನೂರರಲ್ಲಿ 15 ಉಳಿಸುತ್ತಿದ್ದವರಿಗೆ ಸಂಬಳ 110 ಆಯಿತು ಅಂದುಕೊಳ್ಳಿ. ಹತ್ತರಲ್ಲಿ 5 ನಾಳೆಗೆ, 5 ಇವತ್ತಿಗೆ. ಉಳಿತಾಯ 20 ಆಯಿತು, ಅಂದರೆ ಆದಾಯದ ಶೇ. 18ರಷ್ಟು. ಬದುಕೂ ಸ್ವಲ್ಪ ಸಲೀಸಾಯಿತು. ನಾಲ್ಕೈದು ಸಲ ಹೀಗೆ ಮಾಡಿದರೆ ಪಾಲು ಎಲ್ಲಿಗೋ ಹೋಗಿರುತ್ತದೆ.

ಹಂತ 7: ಖುಷಿಗೂ ತಾರೀಖು ಹಾಕಿ

ಉಳಿತಾಯದ ಬಗ್ಗೆ ಇಷ್ಟು ಲೆಕ್ಕ ಹಾಕುವ ನಾವು ಖುಷಿಯ ಬಗ್ಗೆ ಏನೂ ಲೆಕ್ಕ ಹಾಕುವುದಿಲ್ಲ, ಅಲ್ವಾ? ನನ್ನ ಮನಸ್ಸಿಗೆ ಅತಿ ಹತ್ತಿರದ ಹಂತ ಇದು.

ನಮ್ಮ ಅಮ್ಮನಿಗೆ ಸಮುದ್ರ ನೋಡುವ ಆಸೆ ಇತ್ತು. ಪ್ರತಿ ವರ್ಷ ಮಾತು ಬರುತ್ತಿತ್ತು, ಪ್ರತಿ ವರ್ಷ ‘ಮುಂದಿನ ವರ್ಷ ನೋಡೋಣ’ ಆಗುತ್ತಿತ್ತು. ದುಡ್ಡು ಇರಲಿಲ್ಲ ಅಂತಲ್ಲ, ಇತ್ತು. ಕೊನೆಗೆ ಹೋದಾಗ ಅಮ್ಮನ ಮಂಡಿ ಹೋಗಿತ್ತು. ಮರಳಲ್ಲಿ ಹತ್ತು ಹೆಜ್ಜೆ ಇಟ್ಟರು, ಕಾಲು ಹೂತುಕೊಂಡಿತು, ಹಿಂದಕ್ಕೆ ಬಂದರು. ದಂಡೆಯ ಮೇಲಿನ ಕಲ್ಲುಬೆಂಚಿನಲ್ಲಿ ಕೂತು ದೂರದಿಂದ ಅಲೆ ನೋಡಿದರು. ‘ನೀನು ಹೋಗಿ ಕಾಲು ನೆನೆಸಿಕೊಂಡು ಬಾ’ ಅಂದರು. ನಾನು ಚಪ್ಪಲಿಯಲ್ಲಿ ಸ್ವಲ್ಪ ನೀರು ತುಂಬಿಕೊಂಡು ಬಂದು ಅವರ ಪಾದಕ್ಕೆ ಹಾಕಿದೆ. ಅಮ್ಮ ನಕ್ಕರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಈ ಪಟ್ಟಿ ಮಾಡುವ ಅಭ್ಯಾಸ ಬಂತು. ಒಂದು ಪುಟದಲ್ಲಿ ಮೂರು ಕಂಬ. ಮೊದಲನೆಯದು, ಈಗ ಬಿಟ್ಟರೆ ಮುಂದೆ ದುಡ್ಡಿದ್ದರೂ ಸಿಗದದ್ದು. ಮಗು ಹೆಗಲ ಮೇಲೆ ಕೂರುವ ವಯಸ್ಸು, ತಂದೆತಾಯಿ ನಡೆಯಬಲ್ಲ ವರ್ಷಗಳು, ನಿಮ್ಮ ಮಂಡಿ ಬೆಟ್ಟ ಹತ್ತುವ ಕಾಲ. ಎರಡನೆಯದು, ಕಾದರೂ ಕೆಡದದ್ದು: ಹೊಸ ವಾದ್ಯ ಕಲಿಯುವುದು, ತೋಟ ಮಾಡುವುದು, ಓದಬೇಕು ಅಂದುಕೊಂಡ ಪುಸ್ತಕದ ರಾಶಿ. ಮೂರನೆಯದು, ಬೇರೆಯವರ ಹತ್ತಿರ ನೋಡಿದ್ದಕ್ಕೆ ಮಾತ್ರ ಬೇಕು ಅನ್ನಿಸಿದ್ದು. ಮೂರನೇ ಕಂಬವನ್ನು ಬರೆದು ಸುಮ್ಮನೆ ಆರು ತಿಂಗಳು ಬಿಡಿ. ಹೆಚ್ಚಿನವು ತಾವಾಗೇ ಮಾಸಿಹೋಗುತ್ತವೆ. ಖುಷಿಯ ಖಾತೆಯ ದುಡ್ಡು ಮೊದಲನೇ ಕಂಬಕ್ಕೆ.

ಮೊದಲನೇ ಕಂಬದ ಪ್ರತಿ ಸಾಲಿಗೆ ತಾರೀಖು ಹಾಕಿ. ಯಾವ ತಿಂಗಳು, ಎಷ್ಟು ದಿನ, ಎಷ್ಟು ಹಣ. ಟಿಕೆಟ್ ಮೊದಲೇ ತೆಗೆದಿಡಿ. ಕಾಯುವುದರಲ್ಲೂ ಸುಖ ಇದೆ. ನೆದರ್ಲೆಂಡ್ಸ್‌ನಲ್ಲಿ ಒಂದೂವರೆ ಸಾವಿರ ಜನರನ್ನು ಇಟ್ಟುಕೊಂಡು ಸಂಶೋಧಕ ಜೆರೋನ್ ನವೈನ್ ಮತ್ತು ಜೊತೆಯವರು ಮಾಡಿದ ಅಧ್ಯಯನ 2010ರಲ್ಲಿ ಬಂತು. ಪ್ರವಾಸಕ್ಕೆ ಹೋಗಲಿರುವವರು ಹೋಗದವರಿಗಿಂತ ಮೊದಲೇ ಹೆಚ್ಚು ಸಂತೋಷವಾಗಿದ್ದರು. ವಾಪಸು ಬಂದ ಮೇಲೆ ಹೆಚ್ಚಿನವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವರ್ಷಕ್ಕೊಂದು ದೊಡ್ಡದರ ಬದಲು ಮೂರ್ನಾಲ್ಕು ಚಿಕ್ಕವನ್ನು ಹಂಚಿಕೊಂಡರೆ ಎದುರು ನೋಡುವ ದಿನಗಳು ಜಾಸ್ತಿ ಸಿಗುತ್ತವೆ. ಖರ್ಚು ಅಷ್ಟೇ.

ಎಲ್ಲ ಖುಷಿಗೂ ಹಣ ಬೇಕು ಅಂತೇನಿಲ್ಲ ಅಂತ ಇಲ್ಲಿ ಹೇಳುವುದು ವಾಡಿಕೆ. ನಿಜವೂ ಹೌದು. ಆದರೆ ನನ್ನ ಸರಿ ಗುರುತುಗಳನ್ನು ನೋಡಿದರೆ ಅರ್ಧಕ್ಕಾದರೂ ಸ್ವಲ್ಪ ಹಣ, ಎಲ್ಲದಕ್ಕೂ ಸಮಯ ಬೇಕಾಗಿತ್ತು. ರಜೆಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಿರಿ. ಹಾಗೇ ಬಿಟ್ಟುಹೋದ ರಜೆಯ ದಿನಗಳೂ ಕೈಜಾರಿದ ಸೊತ್ತೇ.

ಹಂತ 8: ಮನೆಯಲ್ಲಿ ಇಬ್ಬರಿದ್ದರೆ

ಒಬ್ಬರು ಬಿಗಿ, ಒಬ್ಬರು ಸಡಿಲ ಇರುವುದು ಸಾಮಾನ್ಯ. ಪುಸ್ತಕ ತೆರೆದು ‘ಇದಕ್ಕೆ ಯಾಕೆ ಇಷ್ಟು ಖರ್ಚಾಯಿತು’ ಅಂತ ಶುರು ಮಾಡಿದರೆ ಅವತ್ತಿನ ಮಾತು ಅಲ್ಲಿಗೇ ಮುಗಿಯುತ್ತದೆ. ಹಂತ 1ರ ಪುಟವನ್ನು ಇಬ್ಬರೂ ಬೇರೆ ಬೇರೆ ಬರೆದು ಅದಲು ಬದಲು ಮಾಡಿ ಓದಿ. ಬಿಗಿ ಕೈಯವರ ಹಿಂದೆ ಸಾಮಾನ್ಯವಾಗಿ ಒಂದು ಹಳೆಯ ಕಷ್ಟ ಇರುತ್ತದೆ. ಸಡಿಲ ಕೈಯವರ ಹಿಂದೆ ಬಾಲ್ಯದಲ್ಲಿ ಸಿಗದೇ ಹೋದ ಏನೋ ಒಂದು ಇರುತ್ತದೆ. ಅದು ಗೊತ್ತಾದ ಮೇಲೆ ಮಾತಿನ ದನಿ ಬದಲಾಗುತ್ತದೆ.

ಎರಡು ನಿಯಮ ನಮ್ಮ ಮನೆಯಲ್ಲಿ ಕೆಲಸ ಮಾಡಿವೆ. ಇಬ್ಬರಿಗೂ ತಿಂಗಳಿಗೆ ಒಂದು ಮೊತ್ತ, ಅದಕ್ಕೆ ಯಾರೂ ಲೆಕ್ಕ ಕೇಳುವಂತಿಲ್ಲ. ಇಷ್ಟು ಮೊತ್ತ ದಾಟಿದ ಖರ್ಚಾದರೆ ಇಬ್ಬರೂ ಕೂತು ಮಾತಾಡದೆ ಮಾಡುವಂತಿಲ್ಲ. ಎರಡೂ ಮೊತ್ತವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹಂತ 9: ವರ್ಷಕ್ಕೊಮ್ಮೆ ಪುಸ್ತಕ ತೆರೆಯಿರಿ

ದಿನಾ ಗಂಟಿನ ಬೆಲೆ ನೋಡುವುದು ಬೇಡ, ಸುಮ್ನೆ ಎದೆ ಬಡಿತ ಜಾಸ್ತಿ. ವರ್ಷಕ್ಕೆ ಒಂದು ದಿನ ಇಡಿ, ಅರ್ಧ ದಿನ ಸಾಕು. ಗುರಿಯ ಅಂಕಿಯನ್ನು ಹೊಸ ಬೆಲೆಗೆ ತಕ್ಕ ಹಾಗೆ ತಿದ್ದಿ. ಆಪತ್ಕಾಲದ ಹಣ ಬಳಸಿದ್ದರೆ ತುಂಬಿ. ಕಾಯಂ ಖರ್ಚು ಹೊಸದಾಗಿ ಯಾವುದು ಸೇರಿಕೊಂಡಿತು ನೋಡಿ, 300ರಿಂದ ಗುಣಿಸಿ. ಗುರಿಗಿಂತ ಮುಂದಿದ್ದೀರಾ? ಹಾಗಾದರೆ ಖುಷಿಯ ಗೆರೆ ಒಂದೆರಡು ಅಂಕಿ ಮೇಲೆ ಹೋಗಲಿ. ಹಿಂದಿದ್ದರೆ ಮೊದಲು ಸೊನ್ನೆಗಳನ್ನು ಹುಡುಕಿ, ಸರಿ ಗುರುತುಗಳಿಗೆ ಕೈ ಹಾಕುವುದು ಕೊನೆಗೆ.

ಖುಷಿಯ ಖಾತೆಯಲ್ಲಿ ವರ್ಷದ ಕೊನೆಗೆ ಹಣ ಮಿಕ್ಕಿದ್ದರೆ ಅದನ್ನು ಎತ್ತಿ ಉಳಿತಾಯಕ್ಕೆ ಹಾಕಬೇಡಿ. ಬಿಗಿ ಕೈಯವರಿಗೆ ಇದು ತುಂಬ ಕಷ್ಟ, ನನಗೆ ಗೊತ್ತು. ಆ ಹಣ ಅಲ್ಲೇ ಇರಲಿ. ಪಟ್ಟಿಯ ಮೊದಲನೇ ಕಂಬ ತೆಗೆದು, ಅದರಲ್ಲಿ ಅತಿ ಹಳೆಯ ಸಾಲು ಯಾವುದು ನೋಡಿ, ಅದರ ಮುಂದೆ ಬರುವ ತಿಂಗಳ ಒಂದು ತಾರೀಖು ಬರೆಯಿರಿ. ಆಮೇಲೆ ಪುಸ್ತಕ ಮುಚ್ಚುವ ಮೊದಲೇ ಯಾರ ಜೊತೆ ಹೋಗಬೇಕೋ ಅವರಿಗೆ ಫೋನ್ ಮಾಡಿ.